ಲಾಳಿ ಇಲ್ಲದ ಮಗ್ಗ

ದೆಹಲಿ
೧೨ ನವೆಂಬರ್ ೧೯೮೫

ಇಳಕಲ್ಲಿನ ಚಂದ್ರವ್ವ ಚಿಗವ್ವನಿಗೆ ಸಿದ್ದಲಿಂಗವ್ವನ ನಮಸ್ಕಾರಗಳು.

ಕೊಂಡಿ ಮನೆಯ ಕಥೆಯನ್ನು ನನಗೆ ಮೊದಲು ಹೇಳಿದವಳು ನಿಮ್ಮ ಓಣಿಯ ಮುದುಕಿ ಲಕ್ಕವ್ವಾಯಿ. ಅದು ೧೯೬೪ರ ಬೇಸಿಗೆ. ಅಪ್ಪ ಹುನಗುಂದದ ಕೋರ್ಟಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು, ನಾವು ನಿಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆವು. ನನಗೆ ಒಂಬತ್ತು ವರ್ಷ.

ಒಬ್ಬ ನೇಕಾರ ಹೆಂಗಸು ಹೊಟ್ಟೆಯಲ್ಲಿ ದುಃಖ ಇಟ್ಟುಕೊಂಡು ಸೀರೆಗೆ ಸೆರಗು ಕೂಡಿಸಿದಳಂತೆ. ಆ ಸೀರೆಯನ್ನು ಉಟ್ಟು ಯಾರೋ ಮದುವೆಗೆ ಹೋದರೆ, ಅಕ್ಕಿಕಾಳು ಹಾಕುವ ಹೊತ್ತಿಗೆ ಸರಿಯಾಗಿ ಸೆರಗು ಬಿಚ್ಚಿ ಬೀಗರ ಕೈಗೆ ಬಂತಂತೆ. ಅಂದಿನಿಂದ ನಿಮ್ಮ ಓಣಿಯಲ್ಲಿ ಕಟ್ಟಳೆ. ಒಡಲಿನ ಎಳೆಗೆ ಸೆರಗಿನ ಎಳೆ ಸಿಕ್ಕಿಸುವ ಕೊಂಡಿ ಕೆಲಸಕ್ಕೆ ನಾಲ್ವರು ಹೆಂಗಸರು ಕೂತಾಗ ಬಾಗಿಲು ಹಾಕಬೇಕು. ಒಬ್ಬಳು ತನ್ನ ಮನಸ್ಸಿನ ಮಾತು ಹಾಡಿನಲ್ಲೋ ಬೈಗುಳದಲ್ಲೋ ಹೇಳಬೇಕು. ಉಳಿದವರು "ಕೂಡಿತು" ಅನ್ನಬೇಕು. ಹೊರಗೆ ಬಂದ ಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ಆದರೆ ಕೇಳಿದವರು ಮರುದಿನ ಬೆಳಿಗ್ಗೆ ಏನಾದರೊಂದು ಮಾಡಬೇಕು. ಬಸಲಿಂಗವ್ವ ತನ್ನೊಬ್ಬಳ ಕೈ ಸಾಲುವುದಿಲ್ಲ ಎಂದು ಅತ್ತ ಮರುದಿನ ಮೂರು ಮನೆಯ ಹುಡುಗಿಯರು ನೂಲಿನ ಕಂಡಿಕೆ ಸುತ್ತಲು ಅವಳ ಬಾಗಿಲಿಗೆ ಬಂದದ್ದು ನನಗೆ ಈಗಲೂ ನೆನಪಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಾನು ಇಲ್ಲಿ ಟೀವಿಗೆ ಚಿತ್ರ ತೆಗೆಯುವವರ ಹತ್ತಿರ ಕೆಲಸ ಮಾಡುತ್ತಿದ್ದೇನೆ. ಹದಿಮೂರು ವಾರದ ಸರಣಿ. ಜನರ ಕಣ್ಣಿಗೆ ಬೀಳದೆ ಮರೆಯಲ್ಲಿ ನಡೆಯುವ, ಭೂಗತ ಎನ್ನಬಹುದಾದ ಹಾಡು, ಆಟ, ಮಾತುಗಳ ಬಗ್ಗೆ. ಕಲ್ಕತ್ತೆಯಲ್ಲಿ ನೆಲಮಾಳಿಗೆಯಲ್ಲಿ ನಾಟಕ ಆಡುವವರು, ಮುಂಬೈ ಗಿರಣಿಗಳಲ್ಲಿ ಕೈಬರಹದ ಗುಟ್ಟಿನ ಪತ್ರಿಕೆ ಹಂಚುವವರು ಎಲ್ಲ ಇದ್ದಾರೆ. ನಮ್ಮ ಕೊಂಡಿ ಮನೆಯೂ ಅದರಲ್ಲಿ ಬರಬೇಕೆಂದು ನನ್ನ ಆಸೆ. ನೀವು ಹೂಂ ಅನ್ನಬೇಕು.

ನಿಮ್ಮ ಸಿದ್ದವ್ವ


ಇಳಕಲ್ಲು
೨ ಡಿಸೆಂಬರ್ ೧೯೮೫

ಚಿರಂಜೀವಿ ಸಿದ್ದಲಿಂಗವ್ವನಿಗೆ ಚಂದ್ರವ್ವನ ಆಶೀರ್ವಾದಗಳು. ಬರೆದವನು ಬಾಬಣ್ಣ.

ನಿನ್ನ ಕಾಗದವನ್ನು ನಮ್ಮ ಓಣಿಯ ಬಾಬಣ್ಣ ಮಗ್ಗ ಬಿಟ್ಟು ಬಂದು ಎರಡು ಸಲ ಓದಿ ಹೇಳಿದ. ನೀನು ಬರೆದಂಥದ್ದು ನಮ್ಮಲ್ಲಿ ಏನೂ ಇಲ್ಲ. ಕೊಂಡಿ ಹಾಕುವಾಗ ನಾವು ಶಿವನಾಮ ಹೇಳುತ್ತೇವೆ. ನೀನು ಆಗ ಸಣ್ಣವಳು, ಬೆಲ್ಲ ತಿನ್ನುತ್ತ ಮೂಲೆಯಲ್ಲಿ ನಿದ್ದೆ ಮಾಡಿದ್ದೆ, ಕನಸು ಬಿದ್ದಿರಬೇಕು. ಭೂಗತ ಎಂದರೆ ಏನೆಂದು ಬಾಬಣ್ಣನನ್ನು ಕೇಳಿದೆ. ಭೂಮಿಯ ಒಳಗೆ ಇರುವುದು ಎಂದ. "ಹಂಗಾದ್ರ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂಡ್ರೂ ನಿನ್ನ ಚಿತ್ರಾನ ತಗೀಲಿ ಬಿಡೊ" ಅಂದೆ.

ನಮ್ಮ ಈರಪ್ಪನಿಗೆ ಮದುವೆಯಾದದ್ದು ನಿನಗೆ ತಿಳಿದಿದೆ. ಸೊಸೆ ರೇಣವ್ವ ಶಿವಯೋಗ ಮಂದಿರದ ಕಡೆಯವಳು, ಹೊಳೆದಂಡೆಯ ಅಂದಪ್ಪನ ಒಬ್ಬಳೇ ಮಗಳು. ಬಂಗಾರದಂಥ ಹುಡುಗಿ. ತವರು ಎಂದು ಒಂದು ದಿನ ಬಾಯಿ ಬಿಟ್ಟವಳಲ್ಲ. ಮದುವೆಯಾದ ವರ್ಷ ನಾಗರ ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಾಗ, "ಹೋಗ್ತೀಯೇನವ್ವಾ?" ಎಂದು ನಾನೇ ಕೇಳಿದೆ. "ನೀವು ಹ್ಯಾಂಗ ಹೇಳ್ತೀರಿ ಹಂಗ್ರಿ ಅತ್ತಿ" ಅಂದಳು. ನನ್ನ ಮನೆ ಅವಳಿಗೆ ಅಷ್ಟು ಒಗ್ಗಿದೆ. ಕರೆಯಲು ಅಣ್ಣತಮ್ಮಂದಿರಾದರೂ ಎಲ್ಲಿ ಇದ್ದಾರೆ?

ದೆಹಲಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆಯೋ ಇಲ್ಲವೋ ತಿಳಿಸು.

(ಸಿದ್ದವ್ವಾ, ನಾನು ಬರೆದದ್ದು ಅವರು ಹೇಳಿದಂತೆಯೇ. ನಿನ್ನ ಕಾಗದದಲ್ಲಿದ್ದ ಬೈಗುಳದ ಮಾತು ಬಂದಾಗ ಚಂದ್ರವ್ವ ವೈನಿ ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ. ಬಾಬಣ್ಣ.)


ದೆಹಲಿ
೨೦ ಡಿಸೆಂಬರ್ ೧೯೮೫

ಚಿಗವ್ವಾ,

ತಪ್ಪು ನನ್ನದು. ಗಂಡಸರು ಓದಿ ಹೇಳುವ ಕಾಗದದಲ್ಲಿ ಗಂಡಸರ ಕಿವಿಗೆ ಬೀಳಬಾರದ ಮಾತನ್ನು ಬರೆದೆ. ಬಾಬಣ್ಣ ಕಾಕಾ, ಸಿಟ್ಟಾಗಬೇಡಿ. ಓಣಿಯ ಸಾಲಿಗೆ ಹೋಗುವ ಹುಡುಗಿಯರ ಕೈಯಲ್ಲಿ ಓದಿಸಿದರೆ ಸಂಜೆಯೊಳಗೆ ನೀರಿನ ನಳದ ಹತ್ತಿರ ಹಾಡಾಗುತ್ತದೆ ಎಂದು ನನಗೂ ಗೊತ್ತು.

ಇನ್ನೊಂದು ತಪ್ಪನ್ನು ಮುಚ್ಚಿಟ್ಟಿದ್ದೆ. ನಿಮ್ಮನ್ನು ಕೇಳುವ ಮೊದಲೇ ಕೊಂಡಿ ಮನೆಯ ಸಂಗತಿಯನ್ನು ನಮ್ಮ ಸಾಹೇಬರಿಗೆ ಹೇಳಿ, ಕಾಗದದ ಮೇಲೆ ಬರೆದುಕೊಟ್ಟಿದ್ದೇನೆ. ಏಳನೆಯ ಕಂತು ಎಂದು ಒಪ್ಪಿಗೆಯೂ ಆಗಿದೆ. "ಗಂಡಸರಿಗೆ ಗೊತ್ತೇ ಇಲ್ಲದ ಹೆಂಗಸರ ಗುಟ್ಟಿನ ಕೋಣೆ" ಎಂದು ಬರೆದಿದ್ದೆ. ಸಾಹೇಬರಿಗೆ ಆ ಸಾಲು ಬಹಳ ಹಿಡಿಸಿತು. ಈಗ ಇಲ್ಲ ಎಂದರೆ ನನ್ನ ಕೆಲಸ ಹೋಗುತ್ತದೆ. ಹೂಂ ಎಂದರೆ ನಿಮ್ಮ ಬಾಗಿಲು ಹೋಗುತ್ತದೆಯೋ ಏನೋ. ನೀವು ಹೇಳಿದಂತೆ ಕೇಳುತ್ತೇನೆ.

ಸಿದ್ದವ್ವ


ಇಳಕಲ್ಲು
೯ ಜನವರಿ ೧೯೮೬

ಸಿದ್ದವ್ವನಿಗೆ ಚಂದ್ರವ್ವನ ಆಶೀರ್ವಾದಗಳು.

ನಿನ್ನ ಅಪ್ಪ ಕೋರ್ಟಿನಲ್ಲಿ ಇದ್ದವನು, ಮಗಳು ಕೇಸು ಆದ ಮೇಲೆ ವಕೀಲರನ್ನು ಹುಡುಕುತ್ತೀ. ನಿನ್ನ ಕೆಲಸ ಹೋಗುವುದು ಬೇಡ. ಬಾ. ಆದರೆ ಕೇಳು. ಕ್ಯಾಮೆರಾ ಹೊರಗೆ ಇರಬೇಕು. ಬಾಗಿಲಿನ ಚಿತ್ರ ತೆಗೆಯಿರಿ, ಒಳಗಿನದು ಬೇಡ. ನೀನು ಒಳಗೆ ಕೂಡಬಹುದು, ನೀನು ಆಗಲೇ ಕೂತವಳು. ಕೇಳಿದ್ದನ್ನು ಹೊರಗೆ ಹೇಳಬಾರದೆಂದು ನಿನಗೆ ಹೇಳಿಕೊಡಬೇಕಾಗಿಲ್ಲ.

ನಾನು ಒಳಗೆ ಬರುವುದಿಲ್ಲ. ಈ ಸಲ ರೇಣವ್ವ ಕೂಡುತ್ತಾಳೆ. ಅತ್ತೆ ಸೊಸೆ ಒಂದೇ ಕೊಂಡಿಗೆ ಕೂಡುವ ಪದ್ಧತಿ ಇಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ನಿನ್ನ ಸಾಹೇಬರಿಗೆ ಬೇಕಾದಷ್ಟು ಮಾತಾಡುತ್ತೇನೆ. ಹಿಂದಿಯಲ್ಲಿ ಹೇಳಲು ನೂಲಿಗೆ ಬಣ್ಣ ಹಾಕುವ ಅಹ್ಮದಸಾಬ ಇದ್ದಾನೆ. ನಾನು ಹತ್ತು ಮಾತು ಆಡಿದರೆ ಅವನು ಎರಡು ಹೇಳುತ್ತಾನೆ, ಅದರಲ್ಲಿ ಒಂದು ಅವನದೇ ಇರುತ್ತದೆ.

ಬರುವಾಗ ದೆಹಲಿಯ ಒಳ್ಳೆಯ ಕತ್ತರಿ ಒಂದು ತಾ.


ಹುನಗುಂದ
೩ ಮಾರ್ಚ್ ೧೯೮೬

ಬಾಬಣ್ಣ ಕಾಕಾ,

ಇದು ನಿಮಗೊಬ್ಬರಿಗೇ ಬರೆದ ಕಾಗದ. ಚಿಗವ್ವನಿಗೆ ಓದಬೇಡಿ. ನಾಳೆ ದೆಹಲಿಗೆ ಹೊರಡುತ್ತೇನೆ, ಅದಕ್ಕೆ ಮೊದಲು ಇದನ್ನು ಕೇಳದೆ ನಿದ್ದೆ ಬರುವಂತಿಲ್ಲ.

ಚಿತ್ರ ತೆಗೆದ ದಿನ ನಾವು ಬಾಗಿಲು ಹಾಕಿ ಕೂತೆವು. ಬಾಗಿಲ ಆಚೆ ಪಡಸಾಲೆಯಲ್ಲಿ ಈರಪ್ಪನ ಮಗ್ಗಕ್ಕೆ ನೀವು ಕೂತಿದ್ದಿರಿ. ಒಳಗೆ ಮಾತು ನಡೆದಿತ್ತು, ಹೊರಗೆ ನಿಮ್ಮ ಮಗ್ಗ ಬಡಿಯುತ್ತಿತ್ತು. ಆಮೇಲೆ ಒಮ್ಮೆಗೇ ಮಗ್ಗ ನಿಂತಿತು. ಸದ್ದು ಹಿಡಿಯುವ ಹುಡುಗ ತನಗೆ ಏನೂ ಕೇಳಿಸುತ್ತಿಲ್ಲ ಎಂದು ನಿಮಗೆ ಕೈಮಾಡಿ ನಿಲ್ಲಿಸಿದನಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಮಗ್ಗ ನಿಂತಾಗ ರೇಣವ್ವನ ಮಾತು ಅರ್ಧದಲ್ಲಿತ್ತು.

"ಅತ್ತಿ ಕೇಳಿದಾಗ ಹೋಗ್ತೇನಿ ಅನ್ನಾಕ ಬಾಯಿ ಬರಲಿಲ್ಲ. ಮೂರು ಪಂಚಮಿ ಆದ್ವು. ಕರಿಯಾಕ ಯಾರದಾರ ನನಗ? ಅಪ್ಪನ ಮಾರಿ ಮರ್ತಂಗ ಆಗೇತಿ."

ಯಾರೂ "ಕೂಡಿತು" ಅನ್ನಲಿಲ್ಲ. ಕೊಂಡಿಗೆ ಕೂತಿದ್ದ ಲಾಡಬಿ ಎಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ನೋಡಿದಳು. ಒಂದು ಗಳಿಗೆಯಲ್ಲಿ ಹೊರಗೆ ನಿಮ್ಮ ಮಗ್ಗ ಮತ್ತೆ ಬಡಿಯತೊಡಗಿತು, ಮೊದಲಿಗಿಂತ ಜೋರಾಗಿ. ಆಗ ಎಲ್ಲರೂ ಉಸಿರು ಬಿಟ್ಟರು.

ನೀವೂ ಕೇಳಿದ್ದೀರಿ, ಹೊರಗಿದ್ದ ಅಹ್ಮದಸಾಬ್ ಕಾಕಾನೂ ಕೇಳಿರಬೇಕು. ಕಟ್ಟೆಯ ಮೇಲೆ ತನ್ನದೇ ಮಾತಿನಲ್ಲಿದ್ದ ಚಿಗವ್ವ ಒಬ್ಬಳೇ ಕೇಳಲಿಲ್ಲ. ಅವಳಿಗೆ ಗೊತ್ತಾಗಿದ್ದರೆ ಆ ಹುಡುಗಿಯನ್ನು ಅಂದೇ ತವರಿಗೆ ಕಳಿಸುತ್ತಿದ್ದಳು. ನಾನು ಹೇಳಬಹುದೇ? ನೀವು ಹೇಳಬಹುದೇ?

ಸಿದ್ದಲಿಂಗವ್ವ


ಇಳಕಲ್ಲು
೧೫ ಮಾರ್ಚ್ ೧೯೮೬

ಸಿದ್ದವ್ವಾ,

ನಾನು ಏನೂ ಕೇಳಿಲ್ಲ. ನನ್ನ ಮಗ್ಗ ನಡೆದಿತ್ತು.

ನೀನು ಕಲಿತವಳು, ಆದರೆ ಒಳಗೆ ಕೂತು ಬೆಳೆದವಳು. ಆದ್ದರಿಂದ ಹೊರಗಿನದು ನಿನಗೆ ಗೊತ್ತಿಲ್ಲ. ಹೆಂಗಸರು ಕೊಂಡಿಗೆ ಬಾಗಿಲು ಹಾಕಿದರೆ ಹೊರಗೆ ಒಬ್ಬ ಗಂಡಸು ಮಗ್ಗಕ್ಕೆ ಕೂತು ಬಡಿಯಬೇಕು. ಅಂದು ನೇಯುವುದಿಲ್ಲ. ಲಾಳಿಯನ್ನು ಪಕ್ಕಕ್ಕೆ ಇಟ್ಟು ಸುಮ್ಮನೆ ಬಡಿಯುತ್ತೇವೆ. ಲಾಳಿ ಇದ್ದರೆ ಎಳೆ ಕಡಿದಾಗ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಕಿವಿಗೆ ಬೀಳುತ್ತದೆ. ನನ್ನ ಅಪ್ಪ ನನಗೆ ನೇಯುವುದಕ್ಕಿಂತ ಮೊದಲು ಕಲಿಸಿದ್ದು ಇದನ್ನೇ. "ಹೆಣ್ಣಮಕ್ಕಳ ಮಾತು ಕೇಳ್ಸಬಾರದು ಅಂದ್ರ ಕಿವಿ ಮುಚ್ಚಬ್ಯಾಡ ಲೇ, ಕೈ ಆಡಸು" ಎನ್ನುತ್ತಿದ್ದ. ನಮಗೆ ಗೊತ್ತಿಲ್ಲ ಎಂದು ನೀನು ದೆಹಲಿಗೆ ಬರೆದುಕೊಟ್ಟಿದ್ದೀ. ಗೊತ್ತಿಲ್ಲದಂತೆ ಇರುವುದು ನಮ್ಮ ಪಾಲಿನ ಕೆಲಸ.

ಆ ಹುಡುಗ ಕೈಮಾಡಿದಾಗ ಊರಿಗೆ ಬಂದ ಅತಿಥಿ ಎಂದು ನಿಲ್ಲಿಸಿಬಿಟ್ಟೆ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ.

ಹೇಳಬಹುದೇ ಎಂದು ಕೇಳಿದ್ದೀ. ನಾನು ಒಮ್ಮೆ ಹೇಳಿದರೆ ಆ ಕೋಣೆಯಲ್ಲಿ ಇನ್ನು ಯಾರೂ ಬಾಯಿ ಬಿಡುವುದಿಲ್ಲ. ರೇಣವ್ವನ ಒಂದು ಮಾತಿಗಾಗಿ ನಾಳೆ ಬರುವ ನೂರು ಹೆಣ್ಣುಮಕ್ಕಳ ಮಾತು ಹೋಗುತ್ತದೆ. ನೀನೂ ಹೇಳಬೇಡ.

ಈ ಕಾಗದವನ್ನು ಹರಿದುಹಾಕು.

ಬಾಬಣ್ಣ


ಇಳಕಲ್ಲು
೨೧ ಏಪ್ರಿಲ್ ೧೯೮೬

ಸಿದ್ದವ್ವನಿಗೆ ಚಂದ್ರವ್ವನ ಆಶೀರ್ವಾದಗಳು. ಕತ್ತರಿ ಬಹಳ ಹರಿತ ಇದೆ.

ಟೀವಿಯಲ್ಲಿ ನಾವು ಯಾವಾಗ ಬರುತ್ತೇವೆ ಎಂದು ಓಣಿಯವರು ದಿನಾ ಕೇಳುತ್ತಾರೆ. ನೇಕಾರರ ಸಂಘದ ಆಫೀಸಿಗೆ ಟೀವಿ ತಂದಿದ್ದಾರೆ. ಅದರಲ್ಲಿ ಅರ್ಧ ಹೊತ್ತು ಜೋಳ ತೂರಿದ ಹಾಗೆ ಕಾಣುತ್ತದೆ.

ಅಂದು ಕೂತವರಲ್ಲಿ ಇಬ್ಬರು ಮೂವರು ಹೆಂಗಸರಿಗೆ ಏನಾಗಿದೆಯೋ ತಿಳಿಯದು. ಲಾಡಬಿ ಬಂದು ನನ್ನ ಮುಂದೆ ತನ್ನ ತವರಿನ ಸುದ್ದಿ ಹೇಳುತ್ತ ಕೂಡುತ್ತಾಳೆ. ಗುರುಲಿಂಗವ್ವ ಬಂದು, "ಈ ಸಲ ಪಂಚಮಿಗಿ ನಿಮ್ಮ ಸೊಸಿ ಹೊಂಟಾಳೇನ್ರಿ?" ಎಂದು ಕೇಳಿದಳು. "ಅಕಿಗಿ ತವರಿನ ಹಂಬಲಾನ ಇಲ್ಲವ್ವಾ" ಎಂದೆ. ಎದ್ದು ಹೋದಳು. ನನ್ನ ಸೊಸೆಯನ್ನು ಕಂಡು ಹೊಟ್ಟೆಕಿಚ್ಚು ಅಂತ ಕಾಣುತ್ತದೆ.

ಅಹ್ಮದಸಾಬ ಬಾದಾಮಿಗೆ ಹೋದಾಗ ನಮ್ಮ ಬೀಗ ಅಂದಪ್ಪನನ್ನು ನೋಡಿ ಬಂದ. ಮೊಣಕಾಲು ಹಿಡಿದು ಹಾಸಿಗೆಯಲ್ಲಿದ್ದಾನಂತೆ. ಸುದ್ದಿ ಹೇಳಿದರೆ ರೇಣವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಹಾಗೆಯೇ ಬಡಿದಳು. ಎಂಥ ಗಟ್ಟಿ ಹುಡುಗಿ ನೋಡು.

ಬಾಬಣ್ಣ ಬರೆಯುತ್ತ ಬರೆಯುತ್ತ ನಿಲ್ಲಿಸುತ್ತಾನೆ. ವಯಸ್ಸಾಯಿತು, ಕಣ್ಣು ಮಂಜು ಎನ್ನುತ್ತಾನೆ.


ದೆಹಲಿ
೮ ಜುಲೈ ೧೯೮೬

ಚಿಗವ್ವಾ,

ಆಗಸ್ಟ್ ಮೂರನೆಯ ತಾರೀಖು, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಚಿತ್ರ ಬರುತ್ತದೆ. ಹಿಂದಿಯಲ್ಲಿ ಇರುತ್ತದೆ, ಅಹ್ಮದಸಾಬ್ ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಳಗಿನ ಒಂದು ಮಾತೂ ಅದರಲ್ಲಿ ಇಲ್ಲ. ಮುಚ್ಚಿದ ಬಾಗಿಲಿದೆ, ಮಗ್ಗದ ಸದ್ದಿದೆ, ನೀವಿದ್ದೀರಿ. ಸಾಹೇಬರು ಇದನ್ನು ಕೊನೆಯ ಕಂತಿಗೆ ತಳ್ಳಿದರು. ಮುಂದಿನ ಸರಣಿಗೆ ನನ್ನನ್ನು ಕರೆಯುವುದು ಸಂಶಯ. ಅದಕ್ಕೆ ನೀವು ಚಿಂತೆ ಮಾಡಬೇಡಿ.

ಒಂದೇ ಒಂದು ಬೇಡಿಕೆ. ಚಿತ್ರ ಬಂದಾಗ ನಿಮ್ಮನ್ನೇ ನೀವು ನೋಡುತ್ತ ಕೂರಬೇಡಿ. ನಿಮ್ಮ ಹಿಂದೆಯೂ ನೋಡಿ.

ಸಿದ್ದವ್ವ

(ಬಾಬಣ್ಣ ಕಾಕಾ, ಈ ಚೀಟಿ ನಿಮಗೆ. ಮಗ್ಗ ನಿಂತಾಗಿನ ಮಾತು ಟೇಪಿನಲ್ಲಿ ಸ್ಪಷ್ಟವಾಗಿ ಬಂದಿತ್ತು. "ಏನಂದಳು?" ಎಂದು ಸಾಹೇಬರು ಕೇಳಿದರು. ಇಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. "ಎಳೆ ಕಡಿಯಿತು ಎಂದಳು" ಎಂದೆ. ಅಷ್ಟಕ್ಕೆ ಅವರಿಗೆ ಅದು ಬೇಡವಾಯಿತು. ಅದರ ಮೇಲೆ ನಿಮ್ಮ ಮಗ್ಗದ ಸದ್ದನ್ನೇ ಹಾಸಿಸಿದ್ದೇನೆ. ಟೇಪನ್ನು ಬೇರೆ ಕಟ್ಟಿ ಕಳಿಸಿದ್ದೇನೆ, ಏನಾದರೂ ಮಾಡಿ. ಮಾತನ್ನು ತೆಗೆದೆ. ನಿಮ್ಮ ಮುಖವನ್ನು ತೆಗೆಯಲು ಮನಸ್ಸು ಬರಲಿಲ್ಲ. ಕ್ಷಮಿಸಿ.)


ಇಳಕಲ್ಲು
೨೪ ಜುಲೈ ೧೯೮೬

ಸಿದ್ದವ್ವನಿಗೆ ಚಂದ್ರವ್ವನ ಆಶೀರ್ವಾದಗಳು.

ಹಿಂದೆ ನೋಡು ಎಂದು ಬರೆದದ್ದು ತಿಳಿಯಿತು. ಹಿಂದಿನ ಗೋಡೆಗೆ ಸುಣ್ಣ ಹಚ್ಚಿರಲಿಲ್ಲ ಎಂದು ದೇಶಕ್ಕೆಲ್ಲ ತೋರಿಸಿದ್ದೀಯಲ್ಲ? ಆಗಲೇ ಹೇಳಿದ್ದರೆ ಈರಪ್ಪ ಅರ್ಧ ದಿನದಲ್ಲಿ ಹಚ್ಚುತ್ತಿದ್ದ. ಈಗ ಹಚ್ಚಿಸಿದ್ದೇನೆ. ಟೀವಿಯಲ್ಲಿ ಅದು ಕಾಣುವುದಿಲ್ಲ ಎಂದು ಬಾಬಣ್ಣ ನಗುತ್ತಾನೆ.

ನೀನು ಕಳಿಸಿದ ಕಂದು ಪಟ್ಟಿಯ ಸುರುಳಿಯನ್ನು ಬಾಬಣ್ಣ ತನ್ನ ಹೊಲದ ಸಜ್ಜೆಯ ಮೇಲೆ ಆ ಗೂಟದಿಂದ ಈ ಗೂಟಕ್ಕೆ ಕಟ್ಟಿದ್ದಾನೆ. ಗಾಳಿಗೆ ಮಿಂಚುತ್ತದೆ. ಒಂದು ಗುಬ್ಬಿ ಇಳಿಯುವುದಿಲ್ಲ.


ಇಳಕಲ್ಲು
೬ ಆಗಸ್ಟ್ ೧೯೮೬

ಸಿದ್ದವ್ವನಿಗೆ ಚಂದ್ರವ್ವನ ಆಶೀರ್ವಾದಗಳು. ಬರೆದವನು ಬಾಬಣ್ಣ. ಇದರಲ್ಲಿ ಅವನ ಸುದ್ದಿಯೇ ಇದೆ, ಆದರೂ ಬರೆಯಲೇಬೇಕೆಂದು ಕೂರಿಸಿದ್ದೇನೆ.

ಭಾನುವಾರ ಓಣಿಗೆ ಓಣಿಯೇ ಸಂಘದ ಆಫೀಸಿನಲ್ಲಿತ್ತು. ಶಿವಸಂಗಪ್ಪ ಮಾಳಿಗೆ ಏರಿ ಟೀವಿಯ ಆಂಟೆನಾ ಕೋಲು ತಿರುಗಿಸಿದ. ಮೊದಲು ನನ್ನ ಮುಖ ಬಂತು. ಎಲ್ಲರೂ ಹೋ ಎಂದರು. ಹಿಂದಿಯವನು ಏನೇನೋ ಹೇಳಿದ. ಅಹ್ಮದಸಾಬ, "ಈ ಊರಿನ ಗಂಡಸರಿಗಿ ಏನೂ ತಿಳ್ಯಾಂಗಿಲ್ಲ ಅಂತ ಹೇಳಾಕತ್ತಾನ" ಎಂದ. "ಅದು ನಮಗೂ ಗೊತ್ತದ" ಎಂದು ಗುರುಲಿಂಗವ್ವ ಅಂದಳು. ಗಂಡಸರೇ ಜೋರಾಗಿ ನಕ್ಕರು.

ಆಮೇಲೆ ನಾನು ಕಟ್ಟೆಯ ಮೇಲೆ ಕೂತು ಮಾತಾಡುವುದು ಬಂತು. ನನ್ನ ಮಾತಿನ ಮೇಲೆ ಹಿಂದಿ ಇತ್ತು, ಆದರೂ ರೇಣವ್ವನನ್ನು ಹೊಗಳುತ್ತಿದ್ದೆ ಎಂದು ಕೈ ನೋಡಿದರೆ ತಿಳಿಯುತ್ತಿತ್ತು. ನೀನು ಹೇಳಿದ್ದು ನೆನಪಾಗಿ ಹಿಂದಿನ ಗೋಡೆ ನೋಡಿದೆ. ಗೋಡೆ ಎಲ್ಲಿದೆ? ತೆರೆದ ತಲೆಬಾಗಿಲು, ಅದರೊಳಗೆ ಮಗ್ಗದಲ್ಲಿ ಬಾಬಣ್ಣ, ಅವನ ಬೆನ್ನಿಗೆ ಮುಚ್ಚಿದ ಕೋಣೆ. ಅವನ ಕೈ ನಿಂತಿತ್ತು. ಸದ್ದು ಮಾತ್ರ ಬರುತ್ತಿತ್ತು. ಕೈ ನಿಂತ ಮೇಲೆ ಸದ್ದು ಎಲ್ಲಿಂದ ಬಂತು ಸಿದ್ದವ್ವಾ? ನಾನು ನೇಕಾರರ ಮನೆಯವಳು.

ಅವನು ತಲೆ ಎತ್ತಿದ. ಕೋಣೆಯ ಕಡೆ ತಿರುಗಲಿಲ್ಲ. ನನ್ನ ಬೆನ್ನು ನೋಡಿದ. ಸತ್ತವರ ಮನೆಯ ಮಗುವನ್ನು ನೋಡುವ ಹಾಗೆ ನೋಡಿದ. ನಾನು ಮುಂದೆ ಕೂತು ನಗುತ್ತಲೇ ಇದ್ದೆ.

ಬರುವಾಗ ಹಾದಿಯಲ್ಲಿ ಕೇಳಿದೆ. "ಬಾಬಣ್ಣ, ಏನು ಕೇಳಿದ್ಯೋ?"

"ಏನೂ ಇಲ್ರಿ ವೈನಿ. ಮಗ್ಗ ನಡದಿತ್ತು."

"ನಿಂತಿತ್ತು."

"ನಡದಿತ್ರಿ" ಎಂದ. ಹೆಜ್ಜೆ ಜೋರು ಮಾಡಿದ.

ಮತ್ತೆ ಕೇಳಲಿಲ್ಲ. ಕೇಳುವುದು ಪದ್ಧತಿಯಲ್ಲ. ಮನೆಗೆ ಬಂದು ಒಬ್ಬಳೇ ಕೂತು ಲೆಕ್ಕ ಹಾಕಿದೆ. ನಿನ್ನನ್ನು ಬಿಟ್ಟರೆ ಒಳಗೆ ಇದ್ದವರು ಲಾಡಬಿ, ಗುರುಲಿಂಗವ್ವ, ಬಸಲಿಂಗವ್ವ, ರೇಣವ್ವ. ಬಾಬಣ್ಣ ನನ್ನ ಬೆನ್ನು ನೋಡುವಂಥ ಮಾತನ್ನು ಯಾರು ಆಡಿರಬೇಕು? ಲಾಡಬಿ ನನ್ನ ಮುಂದೆ ತವರಿನ ಸುದ್ದಿ ಏಕೆ ತೆಗೆದಳು, ಗುರುಲಿಂಗವ್ವ ಪಂಚಮಿ ಎಂದು ಏಕೆ ಕೇಳಿದಳು, ಎಲ್ಲ ಸಾಲಾಗಿ ಬಂದು ಕೂತವು. "ನೀವು ಹ್ಯಾಂಗ ಹೇಳ್ತೀರಿ ಹಂಗ್ರಿ." ನಾನು ಸೊಸೆಯಾಗಿದ್ದಾಗ ನಮ್ಮ ಅತ್ತೆಗೆ ಇದೇ ಮಾತು ಹೇಳುತ್ತಿದ್ದೆ ಸಿದ್ದವ್ವಾ. ಹೋಗಬೇಕೆಂದು ಜೀವ ಹಾರುವಾಗಲೇ ಹೇಳುತ್ತಿದ್ದೆ. ಅದನ್ನು ಹೇಗೆ ಮರೆತೆ?

ಇನ್ನೊಮ್ಮೆ ಕೇಳಿದರೆ ಅದೇ ಉತ್ತರ ಬರುತ್ತದೆ. ಅದಕ್ಕೆ ಕೇಳಲಿಲ್ಲ. ಅವಳ ಟ್ರಂಕು ತೆಗೆದು ಎರಡು ಸೀರೆ ಇಟ್ಟೆ, ಬೀಗರಿಗೆ ಎಳ್ಳುಂಡಿ, ಶೇಂಗಾದುಂಡಿ ಕಟ್ಟಿದೆ. ರೇಣವ್ವ ಬಾಗಿಲಲ್ಲಿ ನಿಂತು ನೋಡಿದಳು. ಆದರೆ ಕರೆಯುವವರು ಇಲ್ಲದೆ ಹೆಣ್ಣುಮಗಳು ತವರಿನ ಹಾದಿ ಹಿಡಿಯಬಾರದು. ಅದಕ್ಕೆ ಏನು ಮಾಡಲಿ ಎಂದು ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಕಸ ಹೊಡೆಯಲು ತಲೆಬಾಗಿಲು ತೆಗೆದೆ. ಅಹ್ಮದಸಾಬ ನಿಂತಿದ್ದ. ಮೈಗೆ ಹೊಸ ಅಂಗಿ, ಕೈಯಲ್ಲಿ ಕೊಬ್ಬರಿ ಬಟ್ಟಲು, ಒಂದು ರವಿಕೆ ಹೊಲಿಸುವ ಖಣ. ಬಣ್ಣ ಹತ್ತಿದ ಬೆರಳು ಹಾಗೆಯೇ ಇದ್ದವು.

"ಯಾಕೋ ಅಹ್ಮದಸಾಬ, ಇಷ್ಟ ಲಗೂ?"

"ಶಿವಯೋಗ ಮಂದಿರದ ಅಂದಪ್ಪಗೌಡ್ರು ಕಳಿಸ್ಯಾರ್ರಿ" ಎಂದ. ಅಂದಪ್ಪ ಯಾವ ಊರಿನ ಗೌಡ? ಆದರೂ ಅವನು ಹೇಳುವ ಠೀವಿ ನೋಡಬೇಕಿತ್ತು. "ನಾ ರೇಣವ್ವನ ಅಣ್ಣಾ. ಪಂಚಮಿಗಿ ತಂಗೀನ್ನ ಕರಿಯಾಕ ಬಂದೇನಿ. ಬಾದಾಮಿ ಬಸ್ಸಿನಾಗ ಟವೆಲ್ ಹಾಕಿ ಸೀಟು ಹಿಡದು ಬಂದೇನ್ರಿ, ಲಗೂ ಕಳಸ್ರಿ."

"ಬೀಗರ ಮಾತು ಮೀರಾಕ ಆಕ್ಕೈತೇನಪ್ಪಾ" ಎಂದು ಕೊಬ್ಬರಿ ಬಟ್ಟಲು ತೆಗೆದುಕೊಂಡೆ.

ಈರಪ್ಪ ಟ್ರಂಕು ಹೊತ್ತ. ರೇಣವ್ವ ನನ್ನ ಕಾಲು ಮುಟ್ಟಲು ಬಗ್ಗಿದವಳು ಎದ್ದೇಳಲಿಲ್ಲ. ಮೂರು ವರ್ಷದ ಅಳು ಹೊಸ್ತಿಲ ಮೇಲೆ ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು. ಒತ್ತಿದರೆ ನಿಲ್ಲುವಂಥ ಅಳುವಲ್ಲ ಅದು. ಓಣಿಯ ಕಟ್ಟೆಗಳ ಮೇಲೆ ಮುಖ ತೊಳೆಯುತ್ತ, ಚಹಾ ಕುಡಿಯುತ್ತ ಹತ್ತು ಮಂದಿ ಗಂಡಸರು ಕೂತಿದ್ದರು.

ಒಬ್ಬೊಬ್ಬರಾಗಿ ಎದ್ದು ಒಳಗೆ ಹೋದರು. ಮೊದಲು ಬಾಬಣ್ಣನ ಮಗ್ಗ ಬಡಿಯಿತು. (ನಾನು ದಿನಾ ಆ ಹೊತ್ತಿಗೇ ಕೂಡುತ್ತೇನೆ. ಬಾಬಣ್ಣ.) ಸುಳ್ಳು, ಚಹಾ ಕಪ್ಪನ್ನು ಕಟ್ಟೆಯ ಮೇಲೆ ಬಿಟ್ಟು ಹೋದ. ಆಮೇಲೆ ಶಿವಸಂಗಪ್ಪನದು, ಅದರಾಚೆ ಕಾಶಪ್ಪನದು, ಎದುರು ಸಾಲಿನವೂ ಒಂದಾದ ಮೇಲೊಂದು. ರೇಣವ್ವ ಓಣಿಯ ಉದ್ದಕ್ಕೂ ಎಷ್ಟು ಅಳಬೇಕೋ ಅಷ್ಟು ಅತ್ತಳು. ಪಕ್ಕದಲ್ಲಿ ನಡೆಯುತ್ತಿದ್ದ ನನಗೂ ಸರಿಯಾಗಿ ಕೇಳಿಸಲಿಲ್ಲ.

ಬಸ್ಸು ಹತ್ತಿಸಿ ತಿರುಗಿ ಬರುವಾಗ ಒಂದೊಂದು ಮನೆಯ ಒಳಗೂ ನೋಡುತ್ತ ಬಂದೆ. ಹತ್ತೂ ಮಗ್ಗ ಇನ್ನೂ ನಡೆದಿದ್ದವು. ಒಂದರಲ್ಲೂ ಲಾಳಿ ಇರಲಿಲ್ಲ.